ಗಾಜಿನಾಚೆಯ ಸೆರಗು

ಊರಿನಿಂದ ನೆಂಟರು ಬಂದರೆ ಪುಣೆಯ ನಾವೆಲ್ಲ ಕರೆದೊಯ್ಯುವ ಜಾಗಗಳು ಹೆಚ್ಚುಕಡಿಮೆ ಅವೇ: ಶನಿವಾರವಾಡಾ, ದಗಡೂಶೇಠ್ ಗಣಪತಿ, ಸಮಯ ಉಳಿದರೆ ಬಾಜೀರಾವ್ ರಸ್ತೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯ. ಈ ಸಲ ಅವ್ವ ಬಂದಿದ್ದಳು, ಇಳಕಲ್ ಸೀರೆ ಉಟ್ಟು.

ದಿನಕರ ಕೇಳಕರರು ಅಡಕತ್ತು, ದೀಪ, ಬಾಚಣಿಗೆ, ಬಟ್ಟೆ ಎಂದು ದಿನಬಳಕೆಯ ಸಾವಿರಾರು ವಸ್ತುಗಳನ್ನು ಕೂಡಿಹಾಕಿ, ಸಂಗ್ರಹಕ್ಕೆ ತೀರಿಹೋದ ಮಗ ರಾಜಾನ ಹೆಸರಿಟ್ಟವರು. ‘ಅಜ್ಞಾತವಾಸಿ’ ಎಂಬ ಹೆಸರಿನಲ್ಲಿ ಮರಾಠಿ ಕವಿತೆ ಬರೆದವರು. ಮಾಡಿದವರ ಹೆಸರೇ ಉಳಿಯದ ವಸ್ತುಗಳಿಗೆ ಇದಕ್ಕಿಂತ ಒಪ್ಪುವ ಯಜಮಾನ ಎಲ್ಲಿ ಸಿಕ್ಕಾನು? ಇಲ್ಲಿ ರಾಜರ ಕತ್ತಿಗಿಂತ ಮನೆಯ ಅಡಕತ್ತಿಗೆ ಮರ್ಯಾದೆ ಹೆಚ್ಚು. ನನಗೆ ಈ ಮನೆ ಇಷ್ಟವಾಗುವುದೇ ಅದಕ್ಕೆ.

ಆದರೆ ಬಟ್ಟೆಗಳ ಮುಂದೆ ನಿಂತು ಅವ್ವ ಕೇಳಿದ್ದು: “ಮುಂದಿಂದು ಕಂಡಿತು. ಹಿಂದಿಂದು ಹ್ಯಾಂಗೈತಿ?”

ಅಡಕತ್ತನ್ನು ಗಾಜಿನೊಳಗಿಟ್ಟರೂ ಅದರ ಕೆಲಸ ಅರ್ಥವಾಗುತ್ತದೆ. ಬಟ್ಟೆ ಹಾಗಲ್ಲ. ಇಳಕಲ್ ಸೀರೆಯ ಜಾಣ್ಮೆ ಇರುವುದು ಒಡಲಿನ ಹಾಸುನೂಲಿಗೆ ಸೆರಗಿನ ರೇಷ್ಮೆ ಹಾಸುನೂಲನ್ನು ಕೊಂಡಿ ಹಾಕಿ ಸೇರಿಸುವಲ್ಲಿ. ಕಸೂತಿಯ ಗವಂತಿ, ಮುರಗಿ ಹೊಲಿಗೆಗಳು ಎರಡೂ ಮಗ್ಗುಲಿಗೆ ಒಂದೇ ಥರ ಕಾಣಬೇಕು, ಗಂಟು ಕಾಣಬಾರದು. ಮಗುಚದೆ ಇವನ್ನು ನೋಡಿದೆವು ಎನ್ನುವುದು ಕವರ್ ನೋಡಿ ಪುಸ್ತಕ ಓದಿದೆವು ಅಂದಹಾಗೆ. ಒಳಮೈ ಕಾಣುವಂತೆ ಒಂದು ಕನ್ನಡಿ, ಪಕ್ಕದಲ್ಲಿ ಮುಟ್ಟಿ ನೋಡಲು ಒಂದು ತುಂಡು ಹೊಸ ಬಟ್ಟೆ: ಯಾವ ಸಂಗ್ರಹಾಲಯಕ್ಕೂ ಇದು ದೊಡ್ಡ ಖರ್ಚಲ್ಲ.

2014ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಇಟಲಿಯ ಫ್ಯಾಷನ್ ಚರಿತ್ರೆಯ ಪ್ರದರ್ಶನ ಏರ್ಪಡಿಸಿತ್ತು. ಆ ಚರಿತ್ರೆಗೆ ತಾರೀಖೂ ಇದೆ: 1951ರ ಫೆಬ್ರವರಿ 12ರಂದು ಜೊವಾನಿ ಬತಿಸ್ತಾ ಜೊರ್ಜೀನಿ ಫ್ಲಾರೆನ್ಸಿನ ತನ್ನ ಮನೆಯಲ್ಲಿ ವಿದೇಶಿ ಖರೀದಿದಾರರ ಮುಂದೆ ನಡೆಸಿದ ಪ್ರದರ್ಶನ. ಹೊಲಿಸಿದವರ ಹೆಸರಷ್ಟೇ ಅಲ್ಲ, ರೇಷ್ಮೆಗೆ ಕೋಮೋ, ಉಣ್ಣೆಗೆ ಬಿಯೆಲ್ಲಾ, ಪ್ರಾತೋ ಎಂದು ನೇಯ್ದ ಊರುಗಳೂ ಬಟ್ಟೆಯ ಜೊತೆ ದೇಶ ಸುತ್ತಿದವು. ನಮ್ಮ ಇಳಕಲ್ ಆ ಮಟ್ಟಿಗೆ ಪುಣ್ಯವಂತ ಊರು, ಸೀರೆಯೇ ಅದರ ಹೆಸರು ಹೊತ್ತು ತಿರುಗುತ್ತದೆ. ಗುಳೇದಗುಡ್ಡಕ್ಕೆ ಆ ಅದೃಷ್ಟವಿಲ್ಲ. ಅಲ್ಲಿ ನೇಯ್ದ ಖಣ ಪುಣೆಯಲ್ಲಿ ಬರೀ ಖಣ. ಅದರ ಎರಡು ದಡಿಗಳು ಕುಪ್ಪಸದ ತೋಳಿಗೆ ಬರುತ್ತವೆ. ಅಲ್ಲೂ ಇಲ್ಲೂ ಉಡಿ ತುಂಬುವುದು ಅದರಿಂದಲೇ. ಉಟ್ಟವರದೂ ಅದು ನಿಜ, ಆ ಜಗಳ ನನಗೆ ಬೇಡ. ನೇಯ್ದ ಊರಿನ ಹೆಸರೊಂದು ಜೊತೆಗಿರಲಿ ಎಂಬುದಷ್ಟೇ ತಕರಾರು.

ಸಂಗ್ರಹಾಲಯದಿಂದ ಲಕ್ಷ್ಮೀ ರಸ್ತೆಗೆ ನಡೆದೇ ಹೋದೆವು. ಅಂಗಡಿಯಾತ ಖಣ ಹರವಿ “ಅಸ್ಸಲ್ ಮಹಾರಾಷ್ಟ್ರಾಚಂ” ಅಂದ. ಅವ್ವನಿಗೆ ಮರಾಠಿ ಬಾರದು. ಬಟ್ಟೆ ಮಗುಚಿ, ಹಿಂಬದಿಯ ಮೇಲೆ ಬೆರಳಾಡಿಸಿ, “ಗುಳೇದಗುಡ್ಡದ್ದು” ಎಂದು ನನಗೆ ಹೇಳಿ, ಎರಡು ಕಟ್ಟಿಸಿಕೊಂಡಳು.