ತಿರುಮಣಿಯ ಮಗು, ನಲಿ-ಕಲಿಯ ಏಣಿ

'ಮಗುವಿಗೆ ತಕ್ಕ ಪಾಠ' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮವರು ಎಚ್ಚರಾಗಬೇಕು. ಮಾತು ಹೊಸದೇನಲ್ಲ. ದ್ರೋಣನಿಗೆ ಚೆನ್ನಾಗಿ ಗೊತ್ತಿತ್ತು. ಭೀಮನಿಗೆ ಗದೆ, ಅರ್ಜುನನಿಗೆ ಬಿಲ್ಲು. ನೀರು ತರಲು ಶಿಷ್ಯರಿಗೆಲ್ಲ ಸಣ್ಣ ಬಾಯಿಯ ಕಮಂಡಲು ಕೊಟ್ಟ, ಮಗ ಅಶ್ವತ್ಥಾಮನಿಗೆ ಮಾತ್ರ ಅಗಲ ಬಾಯಿಯ ಕೊಡ. ಅವನು ಬೇಗ ತುಂಬಿಸಿಕೊಂಡು ಬರಲಿ, ಉಳಿದವರು ಬರೋಷ್ಟರಲ್ಲಿ ಒಂದೆರಡು ವಿದ್ಯೆ ಹೆಚ್ಚಿಗೆ ಹೇಳಿಕೊಡೋಣ ಅಂತ. ಏಕಲವ್ಯನ ಕೈಯಿಂದ ಏನು ಕಿತ್ತುಕೊಂಡ ಅನ್ನೋದನ್ನು ನಾನು ಹೇಳಬೇಕಿಲ್ಲ.

ಪುರಾಣ ಬಿಡಿ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳಿಗೊಂದು ಯೋಜನೆ ತಂದರು. ಅರ್ಧ ದಿನ ಶಾಲೆ, ಇನ್ನರ್ಧ ದಿನ ಅಪ್ಪನ ಕಸುಬು. ನಮ್ಮ ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಆಗ ಆ ರಾಜ್ಯದಲ್ಲೇ ಇದ್ದವು. ಪೆರಿಯಾರ್ ಕಡೆಯವರು ಇದನ್ನು 'ಕುಲಕಲ್ವಿ' ಎಂದು ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು, ಯೋಜನೆಯೂ ಹೋಯಿತು. ಅಗಸರ ಮಗುವಿಗೆ ತಕ್ಕದ್ದು ಬಟ್ಟೆಯ ಗಂಟು ಎಂದು ತೀರ್ಮಾನಿಸಿದವರು ಆ ಮಗುವನ್ನು ಒಂದು ಮಾತು ಕೇಳಿರಲಿಲ್ಲ.

ಇಷ್ಟೆಲ್ಲ ಹೇಳಿಯೂ ನಲಿ-ಕಲಿಯನ್ನು ನಾನು ಈ ಸಾಲಿಗೆ ಸೇರಿಸಲಾರೆ. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಆಂಧ್ರದ ಋಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳ ಕಾರ್ಡು ಪದ್ಧತಿಯನ್ನು ಕಣ್ಣಾರೆ ಕಂಡು ಬಂದು, ಯುನಿಸೆಫ್ ನೆರವಿನಲ್ಲಿ ಕಟ್ಟಿದ್ದು ಅದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು-ಎರಡನೇ ತರಗತಿಗೂ, ಆಮೇಲೆ ಮೂರನೆಯದಕ್ಕೂ ಬಂತು. ಅಕ್ಷರ ಅ ಆ ಇ ಈ ಅಂತ ಶುರುವಾಗಲ್ಲ. ರ ಗ ಸ ದ ಅ ಅಂತ ಶುರು. 'ಋ'ಗಾಗಿ ಋಷಿಯನ್ನು ಕಾಯದೆ ಐದೇ ಅಕ್ಷರಕ್ಕೆ ಮಗು ಅರಸನನ್ನೂ ಅಗಸನನ್ನೂ ಗರಗಸವನ್ನೂ ಓದಬಹುದು. (ಅರಸನಿಗೂ ಅಗಸನಿಗೂ ನಡುವೆ ಇರೋದು ಒಂದೇ ಅಕ್ಷರ, ಇಟ್ಟ ಜಾಗವೂ ಬೇರೆ ಅಷ್ಟೆ.)

ಗೋಡೆಯ ಮೇಲೆ ಕಲಿಕಾ ಏಣಿ. ಮಗು ತನ್ನ ಮೆಟ್ಟಿಲು ತಾನೇ ಹುಡುಕಿ, ಕಾರ್ಡು ತಗೊಂಡು, ಐದು ತಟ್ಟೆಗಳಲ್ಲಿ ತನ್ನದಕ್ಕೆ ಹೋಗಿ ಕೂರಬೇಕು. ಒಂದರಲ್ಲಿ ಮೇಷ್ಟ್ರು ಪೂರ್ತಿ ಜೊತೆಗೆ, ಇನ್ನೊಂದರಲ್ಲಿ ಅರೆಪಾಲು, ಆಮೇಲೆ ಗೆಳೆಯರ ಆಸರೆ, ಕೊನೆಗೆ ಸ್ವಕಲಿಕೆ. ಕಡ್ಲೇಕಾಯಿ ಕೀಳೋ ಕಾಲದಲ್ಲಿ ಹದಿನೈದು ದಿನ ಬಿಟ್ಟ ಮಗು ವಾಪಸ್ ಬಂದಾಗ ಹಳೇ ಶಾಲೆಯಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು, ಮಗು 'ದಡ್ಡ' ಆಗಿರುತ್ತಿತ್ತು. ಇಲ್ಲಿ ಬಿಟ್ಟ ಮೆಟ್ಟಿಲು ಅಲ್ಲೇ ಕಾದಿರುತ್ತದೆ. ಕೂಲಿ ಮನೆಯ ಮಗುವಿಗೆ ಇದು ಸಣ್ಣ ಮಾತಲ್ಲ.

ಈಗ ಪಾವಗಡದ ತಿರುಮಣಿಗೆ ಬನ್ನಿ. ಸುತ್ತಲ ಐದು ಹಳ್ಳಿಗಳ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಹೋಗಿದೆ. 2018ರಲ್ಲಿ ಉದ್ಘಾಟನೆಯಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಜಮೀನಿದ್ದವರಿಗೆ. ಆ ಜಮೀನಿನಲ್ಲಿ ಕಳೆ ಕೀಳುತ್ತಿದ್ದವರಿಗೆ ಏನೂ ಇಲ್ಲ, ಕೂಲಿಯೂ ಹೋಯಿತು. ಗುಳೆ ಹೋಗಿ ಬರೋ ಮನೆಯ ಮಗುವಿಗೆ ಕಾಯುವ ಏಣಿ ಇಲ್ಲಿ ಬೇಕೇ ಬೇಕು.

ಆದರೆ ಏಣಿಯ ಮೊದಲ ಮೆಟ್ಟಿಲೇ ಈ ಮಗುವಿಗೆ ಎಟುಕುವುದಿಲ್ಲ. ಇಲ್ಲಿ ಬಹಳ ಮನೆಗಳ ಮಾತು ತೆಲುಗು. ಮನೆ ಅಂದರೆ ಇಲ್ಲು, ನಾಯಿ ಅಂದರೆ ಕುಕ್ಕ. ಶಾಲೆ ಅಂದರೆ 'ಬಡಿ'. 'ಬಡಿಕಿ ಪೋತಾನು' ಅಂತ ಮಗು ಹಿಗ್ಗಿನಿಂದ ಹೇಳಿದರೆ, ದೂರದ ಜಿಲ್ಲೆಯಿಂದ ವರ್ಗವಾಗಿ ಬಂದ ಮೇಷ್ಟ್ರ ಕಿವಿಗೆ ಬೀಳೋದು ಹೊಡೆತದ ಮಾತು. ಚಿತ್ರ ನೋಡಿ ಹೆಸರು ಹೇಳು ಎನ್ನುವ ಕಾರ್ಡು, ಹೆಸರು ಕನ್ನಡದಲ್ಲಿ ಗೊತ್ತಿದೆ ಎಂದು ನಂಬಿ ಮಾಡಿದ ಕಾರ್ಡು. ಮಗು ಸುಮ್ಮನಾದರೆ 'ನಿಧಾನ' ಅಂತ ಬರೆದುಕೊಳ್ಳುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿ ಕಲಿಸಿ ಅನ್ನುತ್ತದೆ. ಹಳ್ಳಿ ಶಾಲೆಗೆ ರೈತಾಪಿ ಜನರಿಂದಲೇ ಬಂದ ಮೇಷ್ಟ್ರು ಬೇಕೆಂದು ಜ್ಯೋತಿಬಾ ಫುಲೆ 1882ರಲ್ಲೇ ಹಂಟರ್ ಆಯೋಗದ ಮುಂದೆ ಕೇಳಿದ್ದರು.

ತಟ್ಟೆಯ ಬಗ್ಗೆಯೂ ಒಂದು ಮಾತು. ಬೇರೆ ತಟ್ಟೆ, ಬೇರೆ ಲೋಟ ಕಂಡ ನಮಗೆ ಆ ಪದವೇ ಸ್ವಲ್ಪ ಚುಚ್ಚುತ್ತದೆ. ಕಟ್ಟಿದವರ ಮನಸ್ಸಿನಲ್ಲಿ ತಟ್ಟೆ ಅಂದರೆ ಕೂತು ಎದ್ದು ಹೋಗುವ ಜಾಗ, ಹೊಸ ಪಾಠಕ್ಕೆ ಎಲ್ಲರೂ ಮೇಷ್ಟ್ರ ಹತ್ತಿರ ಬರಬೇಕು. ಒಬ್ಬರೇ ಮೇಷ್ಟ್ರು, ಮೂರು ತರಗತಿ, ಮೇಲೆ ತುಂಬಬೇಕಾದ ರಿಜಿಸ್ಟರುಗಳು ಎಂದಾಗ ಕೂತವರು ಕೂತಲ್ಲೇ ಉಳಿಯುತ್ತಾರೆ. ಗೆಳೆಯರೇ, ಶಾಲೆಗೆ ಹೋದರೆ ಚಪ್ಪರಕ್ಕೆ ಕಟ್ಟಿದ ಬಣ್ಣದ ಕಾಗದ ನೋಡಿ ಮೆಚ್ಚಿ ಬರಬೇಡಿ. ಮೂರು ತಿಂಗಳು ಬಿಟ್ಟು ಮತ್ತೆ ಹೋಗಿ, ಯಾವ ತಟ್ಟೆಯಲ್ಲಿ ಯಾವ ಕೇರಿಯ ಮಕ್ಕಳು ಇನ್ನೂ ಕೂತಿದ್ದಾರೆ ನೋಡಿ. ಮೇಷ್ಟ್ರು ಮುಖ ನೋಡದ ಮಗುವನ್ನು 'ಸ್ವಕಲಿಕೆ'ಗೆ ಕೂರಿಸಿದರೆ ಅದು ಮಣ್ಣಿನ ಗುರುವಿನ ಮುಂದೆ ಏಕಲವ್ಯನನ್ನು ಕೂರಿಸಿದಂತೆಯೇ.

ಗಡಿ ಶಾಲೆಯ ಮೇಷ್ಟ್ರುಗಳು ಇಲಾಖೆಯ ಸುತ್ತೋಲೆಗೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಕನ್ನಡ, ತೆಲುಗು ಲಿಪಿಗಳು ಅಕ್ಕತಂಗಿಯರು. ಮಗುವಿನ ಮನೆಯ ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆದು ಹಳೇ ರಟ್ಟಿನ ಕಾರ್ಡು ಮಾಡಬಹುದು. ಎರಡನೇ ಗುಂಪಿನ ಜ ವ ಮ ಬ ನ ಬರುವಷ್ಟರಲ್ಲಿ ಮಗು 'ಮನ' ಎಂದು ಓದುತ್ತದೆ. ಅದರ ತೆಲುಗಿನಲ್ಲಿ ಅದು 'ನಮ್ಮ' ಎಂಬ ಮಾತು. 'ಬಡಿ'ಗೆ ಇನ್ನು ಡಕಾರ, ಗುಡಿಸು ಎರಡೇ ಬಾಕಿ.