ಹಗಲಿಗೆ ರಾಮ, ಇರುಳಿಗೆ ಕೃಷ್ಣ

ಫೋನಿನಲ್ಲಿ ಹಾರ್ತ್‌ಸ್ಟೋನ್ ಎಂಬ ಎಲೆಯಾಟ ಆಡುವವರು ಅದರ ಚಿತ್ರಗಳನ್ನು ಹೊಗಳುತ್ತಾರೆ, ಪ್ಯಾಕುಗಳಿಗೆ ಸುರಿಯುವ ದುಡ್ಡಿಗೆ ಮರುಗುತ್ತಾರೆ. 2014ರಲ್ಲಿ ಬಂದ ಆ ಆಟದಲ್ಲಿ 30 ಎಲೆಗಳ ಕಟ್ಟು. ಕೊಂಡ ಪ್ಯಾಕಿನಲ್ಲಿ ಯಾವ ಎಲೆ ಬರುವುದೋ ಅದೃಷ್ಟ. ಅವರ ಮರುಕ ನ್ಯಾಯವಾದದ್ದೇ.

ಆದರೆ ಎಲೆಯಾಟ ಎಂದರೆ ನನ್ನ ಮನಸ್ಸು ಮೈಸೂರಿನ ಹಳೆಯ ಆಟ ಗಂಜೀಫಾ ಕಡೆಗೆ ಹೊರಳುತ್ತದೆ. ದಶಾವತಾರ ಗಂಜೀಫಾದಲ್ಲಿ ಕೈಯಿಂದ ಬರೆದ 120 ದುಂಡನೆಯ ಎಲೆಗಳು. ಅವತಾರಕ್ಕೊಂದು ರಂಗು, ಪ್ರತಿ ರಂಗಿಗೆ ರಾಜ, ಮಂತ್ರಿ, ಒಂದರಿಂದ ಹತ್ತು. ಐದು ರಂಗುಗಳಲ್ಲಿ ಮಂತ್ರಿಯ ನಂತರ ಹತ್ತು ದೊಡ್ಡದು, ಉಳಿದ ಐದರಲ್ಲಿ ಒಂದೇ ದೊಡ್ಡದು! ಹಗಲಾಟಕ್ಕೆ ರಾಮ ಮುಂದು, ಇರುಳಾಟಕ್ಕೆ ಕೃಷ್ಣ. ತುರುಫು ಇಲ್ಲ, ಬಿದ್ದ ಎಲೆಗಳನ್ನು ನೆನಪಿಟ್ಟವರದೇ ಮೇಲುಗೈ. ಎಂಥ ಸೊಗಸಾದ ಕಟ್ಟುವಿಕೆ! ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಆಟಗಳನ್ನು 360 ಎಲೆಗಳವರೆಗೂ ಹಿಗ್ಗಿಸಿದರು. ನಮ್ಮ ಕಾಲದಲ್ಲಿ ಚಿತ್ರಕಾರ ರಘುಪತಿ ಭಟ್ಟರು ಈ ಎಲೆ ಬರೆಯುವ ಕಲೆಗೆ ಮರುಜೀವ ಕೊಟ್ಟರು.

ಈ ಅವತಾರಗಳು ನಮ್ಮ ಮಕ್ಕಳಿಗೆ ಅಪರಿಚಿತವಲ್ಲ. ಮಾನ್ವಿ ಸೀಮೆಯ ಚೀಕಲಪರ್ವಿಯನ್ನೇ ನೋಡಿ, ಅದು ಹರಿದಾಸರಾದ ವಿಜಯದಾಸರ ಊರು. ದಾಸರ ಪದ ಕೇಳಿ ಬೆಳೆದ ಅಲ್ಲಿನ ಮಕ್ಕಳಿಗೆ ಈ ಹತ್ತು ರಂಗುಗಳ ಹೆಸರು ಹೊಸದಾಗಿ ಕಲಿಸಬೇಕಿಲ್ಲ. ಕನ್ನಡದಲ್ಲಿ ಆಟ ಕಟ್ಟುವವರೇ, ಗಂಜೀಫಾವನ್ನು ಫೋನಿಗೆ ತನ್ನಿ. ಪ್ಯಾಕು ಮಾರದೆ 120 ಎಲೆಗಳನ್ನೂ ಮೊದಲ ದಿನವೇ ಎಲ್ಲರ ಕೈಗೆ ಕೊಡಿ.