ಅಂಗುಳ ಏರಲಿ, ಇಳಿಯಲೂ ಕಲಿಯಲಿ



ಈಚೆಗೆ ಕಡಿಯಾಳಿಯಲ್ಲಿ ಒಂದು ಗಾಯನವೃಂದದ ಅಭ್ಯಾಸವನ್ನು ಕೇಳುವ ಅವಕಾಶ ಒದಗಿತು. ಶ್ರುತಿ ಶುದ್ಧವಾಗಿತ್ತು, ನಾದ ದುಂಡಗಿತ್ತು. ಆದರೂ ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಮೆಲ್ಲನೆ ಕೇಳಿದರು: “ಇದು ಯಾವ ಭಾಷೆಯ ಹಾಡು, ಮಗಾ?” ಹಾಡು ಕನ್ನಡದ್ದೇ ಆಗಿತ್ತು. ದೋಷವೆಲ್ಲಿ?

ಕನ್ನಡಿಯ ಮುಂದೆ ಬಾಯಿ ತೆರೆದು ‘ಆ’ ಎನ್ನಿರಿ. ಕಿರುನಾಲಗೆ ಮೇಲೇರುವುದು ಕಾಣುತ್ತದೆ. ಅದು ಜೋತುಬಿದ್ದಿರುವ ಮೆತ್ತನೆಯ ಭಾಗವೇ ಮೃದು ಅಂಗುಳ. ಅದು ಏರಿದಾಗ ಮೂಗಿನ ದಾರಿ ಮುಚ್ಚಿ ನಾದ ಬಾಯಿಯಿಂದಲೇ ಹೊರಡುತ್ತದೆ. ಇಳಿದಾಗ ಮೂಗಿಗೂ ಹರಿಯುತ್ತದೆ. ಆಕಳಿಸುವಾಗಿನಂತೆ ಅಂಗುಳವನ್ನೆತ್ತಿ ಹಾಡಿರೆಂಬುದು ಪಾಶ್ಚಾತ್ಯ ಶಾಸ್ತ್ರೀಯ ಗಾಯನದ ಪರಿಚಿತ ಬೋಧನೆ. ಸ್ವರಾಕ್ಷರಗಳಿಗೆ ಅದು ಹಿತವೇ. ಆದರೆ ‘ಮ’, ‘ನ’ ಮತ್ತು ಅನುಸ್ವಾರಗಳಿಗೆ ಅಂಗುಳ ಇಳಿಯಲೇಬೇಕು. ಇಳಿಯದಿದ್ದರೆ ನೆಗಡಿಯಾದವರ ಮಾತಿನಂತೆ ‘ಮನ’ವು ‘ಬದ’ದ ಕಡೆಗೂ ‘ತಂದೆ’ಯು ‘ತದ್ದೆ’ಯ ಕಡೆಗೂ ವಾಲುತ್ತದೆ. ಅಂದು ಆದದ್ದು ಇದೇ. ನಮ್ಮ ಗಾಯಕರು ಏರುವುದನ್ನು ಕಲಿತಿದ್ದರು, ಇಳಿಯುವುದನ್ನು ಮರೆತಿದ್ದರು.

ಗದಗಿನ ನೆಲದಲ್ಲಿ ಬೆಳೆದ ಪಂಡಿತ ಭೀಮಸೇನ ಜೋಶಿಯವರು (1922–2011) ಹಾಡಿದ ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಗಮನವಿಟ್ಟು ಕೇಳಿರಿ. ‘ಬಾ’ ಎಂಬಲ್ಲಿ ಕಂಠ ತುಂಬಿ ತೆರೆದುಕೊಳ್ಳುತ್ತದೆ. ‘ಮ್ಮ’ ಬಂದಾಗ ನಾದ ಮೂಗಿನಲ್ಲಿ ಅನುರಣಿಸಿ, ಮರುಕ್ಷಣವೇ ಅಕಾರಕ್ಕೆ ಮರಳುತ್ತದೆ. ಹಿಂದೂಸ್ತಾನಿ ಸಂಗೀತದ ಆ ಘನವಾದ ಕಂಠದಲ್ಲಿಯೂ ಕನ್ನಡದ ಒಂದಕ್ಷರ ಮಾಸುವುದಿಲ್ಲ. ಆದುದರಿಂದ ನಾದ ಬೇಕೆಂದರೆ ಪದವನ್ನು ಬಿಡಬೇಕೆಂಬ ವಾದ ನಿಲ್ಲದು.

ನಮ್ಮ ಶಾಸ್ತ್ರಕಾರರೂ ಇದನ್ನು ಅರಿತಿದ್ದರು. 13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಗಾಯಕರ 25 ದೋಷಗಳನ್ನು ಎಣಿಸಿದ್ದಾನೆ. ಮೂಗಿನಿಂದ ಹಾಡುವುದು ಅವುಗಳಲ್ಲೊಂದು. ಪದ ಅಸ್ಪಷ್ಟವಾಗುವುದು ಮತ್ತೊಂದು. ಮೊದಲನೆಯದಕ್ಕೆ ಹೆದರಿ ಎರಡನೆಯದಕ್ಕೆ ಬಲಿಯಾಗುವುದು ಜಾಣತನವಲ್ಲ.

ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳಬಹುದು. ಮೂಗನ್ನು ಬೆರಳುಗಳಿಂದ ಹಿಡಿದು ‘ಆ’ ಎಂದು ಹಾಡಿರಿ: ನಾದ ಬದಲಾಗದಿದ್ದರೆ ಅಂಗುಳ ಸರಿಯಾಗಿ ಏರಿದೆ. ಹಾಗೆಯೇ ಮೂಗನ್ನು ಬಿಟ್ಟು ತುಟಿ ಮುಚ್ಚಿ ‘ಮ್’ ಎಂದು ಎಳೆಯುತ್ತಿರುವಾಗ ಮೂಗನ್ನು ಹಿಡಿಯಿರಿ: ಹರಿಯುತ್ತಿದ್ದ ನಾದ ಕೂಡಲೇ ನಿಂತುಹೋದರೆ ಅಂಗುಳ ಸರಿಯಾಗಿ ಇಳಿದಿದೆ. ಮಕ್ಕಳಿಗೆ ಇವೆರಡನ್ನೂ ಕಲಿಸಿರಿ. ಬಳಿಕ ಹಾಡನ್ನು ರಾಗವಿಲ್ಲದೆ ಒಮ್ಮೆ ಓದಿಸಿ, ಅನಂತರ ಹಾಡಿಸಿರಿ.

ಸಮುದಾಯದ ಹಾಡು ಕೇವಲ ಕೇಳುವುದಕ್ಕಲ್ಲ, ಎಲ್ಲರೂ ಕೂಡಿ ಹಾಡುವುದಕ್ಕೆ. ಪದ ಸಿಕ್ಕಿದ್ದರೆ ಆ ವೃದ್ಧೆಯೂ ದನಿಗೂಡಿಸುತ್ತಿದ್ದರು.